ಲೆಕ್ಕ ಬಾಯಾಗ ಐತಿ, ಅಕ್ಷರ ಕೈಗೆ ಹತ್ತವಲ್ದು!

ಸಂಜೆ ಆರರ ಹೊತ್ತು. ಸಾಲಿ ಬಿಟ್ಟು ಬಂದ ಹುಡುಗ ಪಾಟಿಚೀಲ ಮೂಲೆಗೆ ಒಗೆದು ಅಪ್ಪನ ಕಿರಾಣಿ ಅಂಗಡಿಯ ಗಲ್ಲಾಕ್ಕೆ ಕೂತಿದ್ದಾನೆ. ಗಿರಾಕಿ ಬಂದರು. ಎರಡು ಕಿಲೋ ಸಕ್ಕರೆ, ಅರ್ಧ ಕಿಲೋ ತೊಗರಿಬೇಳೆ, ಕಾಲು ಕಿಲೋ ಶೇಂಗಾ, ಎರಡು ಸಾಬೂನು, ಒಂದು ಕಡ್ಡಿಪೆಟ್ಟಿಗೆ. ಹುಡುಗ ಕ್ಯಾಲ್ಕುಲೇಟರ್ ಮುಟ್ಟಲಿಲ್ಲ. ಬಾಯಲ್ಲೇ ಕೂಡಿಸಿದ, ಐನೂರರ ನೋಟಿಗೆ ಚಿಲ್ಲರೆ ಎಣಿಸಿ ಕೊಟ್ಟ. ಒಂದು ರೂಪಾಯಿ ಹೆಚ್ಚಿಲ್ಲ, ಒಂದು ರೂಪಾಯಿ ಕಮ್ಮಿ ಇಲ್ಲ. "ಭಾಳ ಶಾಣ್ಯಾ ಅದಾನ್ರೀ ನಿಮ್ಮ ಮಗ" ಅಂದು ಗಿರಾಕಿ ಹೋದರು.

ಹಿಂದೆಯೇ ಇನ್ನೊಬ್ಬರು. ಇವರದು ಉದ್ದರಿ. "ಒಂದ್ ಕಿಲೋ ಬೆಲ್ಲ. ವಹಿಯಾಗ ಬರಕೊ ತಮ್ಮಾ" ಅಂದರು. ಅಷ್ಟೇ! ಈಗ ತಾನೇ ನೋಟು ಎಣಿಸಿದ ಕೈ ನಡುಗಿತು. ಹಣೆ ಬೆವರಿತು. ಪೆನ್ನು ಹಿಡಿದು, ತಡೆದು, ಒಂದಕ್ಷರ ಬರೆದು, ಅದನ್ನು ಗೀಚಿ ಹಾಕಿ, ಕೊನೆಗೆ ವಹಿಯಲ್ಲಿ ಮೂಡಿದ್ದು 'ಬಲೆ'. ಅಪ್ಪ ನೋಡಿದ. "ಐದನೇತ್ತ ಓದಾಕತ್ತೀ, ಬೆಲ್ಲ ಬರಿಯಾಕ ಬರಂಗಿಲ್ಲೇನಲೇ ಕ್ವಾಣಾ!" ಅಂಗಡಿ ಮುಂದೆ ನಿಂತವರು ನಕ್ಕರು. ಹುಡುಗ ತಲೆ ತಗ್ಗಿಸಿದ.

ಹೆಸರು ಬೇಡ. ಈ ಹುಡುಗ ಸಿಂಧನೂರಿನ ಬಜಾರಿನಲ್ಲೂ ಇದ್ದಾನೆ, ಲಿಂಗಸೂಗೂರಿನಲ್ಲೂ ಇದ್ದಾನೆ, ಮಸ್ಕಿಯಲ್ಲೂ ಇದ್ದಾನೆ. ಓದುಗರ ಪೈಕಿ ಎಷ್ಟೋ ಮಂದಿಯ ಮನೆಯಲ್ಲೇ ಇರಬಹುದು. ಸಾಲಿಯಲ್ಲಿ ಇವನಿಗೆ ದಡ್ಡ ಅನ್ನುತ್ತಾರೆ. ಮನೆಯಲ್ಲಿ ಸೋಮಾರಿ ಅನ್ನುತ್ತಾರೆ. ಅಜ್ಜಿ ಮಾತ್ರ "ಕೂಸಿಗೆ ಯಾರದೋ ಕಣ್ಣು ಬಿದ್ದೈತಿ" ಅಂತ ದೃಷ್ಟಿ ತೆಗೆಯುತ್ತಾಳೆ. ಮೂವರ ಮಾತೂ ತಪ್ಪು. ಇವನಿಗಿರುವುದಕ್ಕೆ ಡಾಕ್ಟರರು ಇಟ್ಟಿರುವ ಹೆಸರು ಡಿಸ್ಲೆಕ್ಸಿಯಾ. ಸರಕಾರಿ ಕಾಗದದಲ್ಲಿ 'ನಿರ್ದಿಷ್ಟ ಕಲಿಕಾ ನ್ಯೂನತೆ' ಅಂತ ಕರೆಯುವ ಗುಂಪಿಗೆ ಇದು ಸೇರುತ್ತದೆ. ಜನರ ಬಾಯಿಗೆ ಹಗುರಾಗುವಂತೆ ಹೇಳುವುದಾದರೆ ಅಕ್ಷರದ ತೊಡಕು. ಬುದ್ಧಿಗೆ ಏನೂ ಆಗಿಲ್ಲ. ಅಕ್ಷರ ಮಾತ್ರ ಹತ್ತುವುದಿಲ್ಲ.

ನೂರಾಮೂವತ್ತು ವರ್ಷದ ಹಿಂದಿನ ಹುಡುಗ

ಇದು ಮೊನ್ನೆ ಮೊನ್ನೆ ಹುಟ್ಟಿದ ಬೇನೆಯೇನಲ್ಲ. ಮೊಬೈಲ್ ಬಂದ ಮೇಲೆ ಮಕ್ಕಳು ಕೆಟ್ಟವು ಅನ್ನುವವರು ಇದನ್ನು ಕೇಳಬೇಕು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ಡಾಕ್ಟರು ಅಲ್ಲಿನ ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ಹುಡುಗನ ಬಗ್ಗೆ ಬರೆದರು. ಹುಡುಗನ ಹೆಸರು ಪರ್ಸಿ, ವಯಸ್ಸು 14. ಆಟದಲ್ಲಿ ಮುಂದು, ಮಾತಿನಲ್ಲಿ ಚುರುಕು. 749ನ್ನು 867ರಿಂದ ಗುಣಿಸು ಅಂದರೆ ಬೇಗನೆ, ಸರಿಯಾಗಿ ಗುಣಿಸುತ್ತಿದ್ದ. ಆದರೆ ಏಳು ವರ್ಷ ಪಾಠ ಹೇಳಿಸಿದರೂ ಓದು ಬರಲಿಲ್ಲ. ತನ್ನ ಹೆಸರನ್ನೇ ಅಕ್ಷರ ಹಿಂದುಮುಂದು ಮಾಡಿ 'ಪ್ರೆಸಿ' ಅಂತ ಬರೆದ, ತೋರಿಸಿಕೊಡುವ ತನಕ ತಪ್ಪು ಅವನ ಕಣ್ಣಿಗೆ ಬೀಳಲಿಲ್ಲ! ಪಾಠವೆಲ್ಲ ಬಾಯಿಮಾತಿನಲ್ಲೇ ನಡೆದಿದ್ದರೆ ಸಾಲಿಗೆಲ್ಲ ಇವನೇ ಜಾಣ ಆಗುತ್ತಿದ್ದ ಎಂದು ಅವನ ಮಾಸ್ತರು ಹೇಳಿದ್ದನ್ನು ಡಾಕ್ಟರು ದಾಖಲು ಮಾಡಿದ್ದಾರೆ.

ಸಿಂಧನೂರಿನ ಗಲ್ಲಾದಲ್ಲಿ ಕೂತ ಹುಡುಗನಿಗೂ ಇಂಗ್ಲೆಂಡಿನ ಪರ್ಸಿಗೂ ಏನು ವ್ಯತ್ಯಾಸ? ಪರ್ಸಿಯ ಮಾಸ್ತರು ಹುಡುಗನ ಜಾಣತನ ಕಂಡರು. ಇಲ್ಲಿ ಗಿರಾಕಿಗಳು ಕಾಣುತ್ತಾರೆ, ಸಾಲಿ ಕಾಣುವುದಿಲ್ಲ.

2007ರ ಡಿಸೆಂಬರಿನಲ್ಲಿ ಆಮೀರ್ ಖಾನರ 'ತಾರೇ ಜಮೀನ್ ಪರ್' ಹಿಂದಿ ಸಿನಿಮಾ ಬಂದ ಮೇಲೆ ಡಿಸ್ಲೆಕ್ಸಿಯಾ ಅನ್ನುವ ಶಬ್ದ ಒಂದಿಷ್ಟು ಮಂದಿಯ ಕಿವಿಗೆ ಬಿತ್ತು. ಅಳು ಬಂದು ಕಣ್ಣು ಒರೆಸಿಕೊಂಡವರೂ ಇದ್ದಾರೆ. ಆದರೆ ಆ ಸಿನಿಮಾದಿಂದ ಒಂದು ತಪ್ಪು ತಿಳಿವಳಿಕೆಯೂ ಹರಡಿತು. ಅಕ್ಷರಗಳು ಕಣ್ಣ ಮುಂದೆ ಕುಣಿಯುತ್ತವೆ, ಕನ್ನಡಕ ಹಾಕಿಸಿದರೆ ಸರಿಹೋಗುತ್ತದೆ ಅಂತ ತಿಳಿದವರು ಬಹಳ. ತೊಡಕು ಕಣ್ಣಿನದಲ್ಲ. ಕಿವಿಗೆ ಬಿದ್ದ ಸಪ್ಪಳವನ್ನು ಬಿಡಿ ಬಿಡಿ ಮಾಡಿ, ಒಂದೊಂದಕ್ಕೂ ಸರಿಯಾದ ಅಕ್ಷರ ಜೋಡಿಸುವ ಕೆಲಸವನ್ನು ಮೆದುಳು ಬೇರೆಯವರಷ್ಟು ಸಲೀಸಾಗಿ ಮಾಡುವುದಿಲ್ಲ. ಇದು ಹುಟ್ಟಿನಿಂದ ಬರುವಂಥದು, ವಂಶದಲ್ಲೂ ಹರಿಯುತ್ತದೆ. ಮಗನಿಗೆ ಬೈಯುವ ಅಪ್ಪ ತಾನು ಎಷ್ಟನೇತ್ತಕ್ಕೆ ಸಾಲಿ ಬಿಟ್ಟೆ, ಯಾಕೆ ಬಿಟ್ಟೆ ಅಂತ ಒಮ್ಮೆ ನೆನಪು ಮಾಡಿಕೊಂಡರೆ ಅರ್ಧ ಗುಟ್ಟು ಅಲ್ಲೇ ಬಯಲಾದೀತು!

ನಾನೂರು ಅಕ್ಷರದ ಕಾಡು

ಇಂಗ್ಲಿಷಿಗೆ ಅಕ್ಷರ 26. ಕನ್ನಡಕ್ಕೆ? 34 ವ್ಯಂಜನ, ಒಂದೊಂದಕ್ಕೂ ಕಾಗುಣಿತ. ಎಲ್ಲ ಸೇರಿ ನಾನೂರು ದಾಟುತ್ತದೆ. ಒತ್ತಕ್ಷರದ ಲೆಕ್ಕ ಬೇರೆ. 'ಬ'ಕ್ಕೂ 'ಭ'ಕ್ಕೂ ಒಂದು ಸೀಳಿನ ವ್ಯತ್ಯಾಸ. 'ದ'-'ಧ' ಅದೇ ಕತೆ. 'ಪ', 'ಷ', 'ವ', 'ಮ' ಒಂದೇ ತಾಯಿಯ ಮಕ್ಕಳಂತಿವೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೋನಾಲಿ ನಾಗ್ ಅವರು ಕನ್ನಡ ಓದಲು ಕಲಿಯುವ ಮಕ್ಕಳ ಮೇಲೆ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಯಾವ ತೊಡಕೂ ಇಲ್ಲದ ಮಕ್ಕಳಿಗೇ ಅಕ್ಷರಗಳು ಪೂರಾ ಕೈವಶವಾಗಲು ನಾಲ್ಕನೇ ತರಗತಿಯ ತನಕ ಬೇಕಾಗುತ್ತದೆ ಎಂಬುದು ಅದರಿಂದ ಕಂಡುಬಂದ ಸಂಗತಿ. ಹಾಗಾದರೆ ತೊಡಕಿರುವ ಕೂಸಿನ ಗತಿ?

ಆದರೆ ಕನ್ನಡದಲ್ಲಿ ಒಂದು ಅನುಕೂಲವೂ ಇದೆ. ಇಲ್ಲಿ ಬರೆದಂತೆ ಓದು, ಓದಿದಂತೆ ಬರೆಹ. ಇಂಗ್ಲಿಷಿನ ಹಾಗೆ ಬರೆಯುವುದೊಂದು, ಓದುವುದೊಂದು ಅಲ್ಲ. ಆದ್ದರಿಂದ ಅಕ್ಷರದ ತೊಡಕಿರುವ ಕನ್ನಡದ ಹುಡುಗ ಕಷ್ಟಪಟ್ಟು, ಬೆರಳಿಟ್ಟು, ಎತ್ತಿನ ಬಂಡಿ ಏರಿ ಹತ್ತಿದಂತೆ ಒಂದೊಂದೇ ಅಕ್ಷರ ಎಳೆಯುತ್ತಾನೆ. ಸಾಲಿನ ಕೊನೆಗೆ ಮುಟ್ಟುವ ಹೊತ್ತಿಗೆ ಮೊದಲು ಓದಿದ್ದು ಮರೆತಿರುತ್ತದೆ. ಬರೆಯುವಾಗ ಒತ್ತು ಬಿಟ್ಟುಹೋಗುತ್ತದೆ, ದೀರ್ಘ ಹಾರಿಹೋಗುತ್ತದೆ, 'ಸಕ್ಕರೆ' ಹೋಗಿ 'ಸಕರೆ' ಆಗುತ್ತದೆ. ಬೋರ್ಡಿನ ಮೇಲಿರುವುದನ್ನು ಇಳಿಸಿಕೊಳ್ಳುವಷ್ಟರಲ್ಲಿ ಮಾಸ್ತರು ಒರೆಸಿರುತ್ತಾರೆ. ಅದೇ ಪಾಠವನ್ನು ಬಾಯಿಮಾತಿನಲ್ಲಿ ಕೇಳಿ, ಪಟಪಟ ಉತ್ತರ ಬರುತ್ತದೆ. ಬಾಯಿಗೂ ಬರೆಹಕ್ಕೂ ಇರುವ ಈ ಅಂತರವೇ ಮೊದಲ ಗುರುತು.

ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ಕೈಪಿಡಿಯ ಪ್ರಕಾರ ಸಾಲಿಗೆ ಹೋಗುವ ಮಕ್ಕಳಲ್ಲಿ ನೂರಕ್ಕೆ 5ರಿಂದ 15 ಮಂದಿಗೆ ಓದು, ಬರೆಹ, ಲೆಕ್ಕ ಈ ಮೂರರಲ್ಲಿ ಯಾವುದಾದರೊಂದರಲ್ಲಿ ಇಂಥ ತೊಡಕಿರುತ್ತದೆ. ಯಾವ ದೇಶ, ಯಾವ ಭಾಷೆ ಎಂಬ ಭೇದವಿಲ್ಲ. 40 ಮಕ್ಕಳ ಒಂದು ವರ್ಗಕ್ಕೆ ಲೆಕ್ಕ ಹಾಕಿದರೆ ಎರಡರಿಂದ ಆರು ಮಕ್ಕಳು. ಹಿಂದಿನ ಬೆಂಚು ಯಾಕೆ ಯಾವಾಗಲೂ ತುಂಬಿರುತ್ತದೆ ಎಂಬುದು ಈಗ ತಿಳಿಯಿತೇ?

ಓದು ಬಾರದ್ದೆಲ್ಲ ಡಿಸ್ಲೆಕ್ಸಿಯಾ ಅಲ್ಲ

ಹಾಗಂತ ಓದಲು ಬಾರದ ಮಗುವಿಗೆಲ್ಲ ಈ ಚೀಟಿ ಅಂಟಿಸುವುದೂ ತಪ್ಪು. ರಾಯಚೂರು ಜಿಲ್ಲೆಯಲ್ಲಂತೂ ಬಹಳ ಎಚ್ಚರ ಬೇಕು.

ಮೊದಲನೆಯದು ಗುಳೆ. ಸುಗ್ಗಿ ಮುಗಿದ ಮೇಲೆ ಗಂಟುಮೂಟೆ ಕಟ್ಟಿ ಬೆಂಗಳೂರಿಗೋ ಮತ್ತೆಲ್ಲಿಗೋ ಹೋಗುವ ಕುಟುಂಬದ ಕೂಸು ವರ್ಷಕ್ಕೆ ಮೂರು ನಾಲ್ಕು ತಿಂಗಳು ಸಾಲಿಯನ್ನೇ ಕಂಡಿರುವುದಿಲ್ಲ. ಕಲಿಸದೆ ಇದ್ದದ್ದು ಬರುವುದು ಹೇಗೆ? ಅದು ಅಕ್ಷರದ ತೊಡಕಲ್ಲ, ಹೊಟ್ಟೆಯ ತೊಡಕು.

ಎರಡನೆಯದು ಮನೆಮಾತು. ಸಿಂಧನೂರು ಸುತ್ತಿನ ಕ್ಯಾಂಪುಗಳಲ್ಲಿ ತೆಲುಗು. ಅದೇ ತಾಲ್ಲೂಕಿನ ಆರ್.ಎಚ್. ಕ್ಯಾಂಪುಗಳಲ್ಲಿ ಬಂಗಾಳಿ. ತಾಂಡಾಗಳಲ್ಲಿ ಲಂಬಾಣಿ. ಎಷ್ಟೋ ಓಣಿಗಳಲ್ಲಿ ಉರ್ದು. ಒಂದು ಮಾತು ಕೇಳುತ್ತ ಬೆಳೆದ ಕೂಸು ಇನ್ನೊಂದು ಮಾತಿನಲ್ಲಿ ಅಕ್ಷರ ಕಲಿಯಬೇಕು. ಕನ್ನಡದ ಮನೆಯಲ್ಲೂ ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. 'ಶಾಲೆ' ಅಂತ ಬರೆಯಲು ಹೇಳಿದರೆ ಹುಡುಗ 'ಸಾಲಿ' ಅಂತ ಬರೆದರೆ ಅವನಿಗೆ ರೋಗವೇನಿಲ್ಲ. ಅವ್ವ ಆಡಿದ್ದನ್ನು ಬರೆದಿದ್ದಾನೆ, ಸರಿಯಾಗಿಯೇ ಬರೆದಿದ್ದಾನೆ!

ಮೂರನೆಯದು ಕಣ್ಣು, ಕಿವಿ. ಬೋರ್ಡು ಮಂಜಾಗಿ ಕಾಣುವ ಮಗು, ಕಿವಿ ಸೋರುವ ಮಗು ಹಿಂದೆ ಬೀಳುವುದು ಸಹಜ.

ಇವೆಲ್ಲ ಇಲ್ಲ, ಸಾಲಿಗೆ ತಪ್ಪದೆ ಬಂದಿದ್ದಾನೆ, ಮಾಸ್ತರು ಹೇಳಿಕೊಟ್ಟಿದ್ದಾರೆ, ಬೇರೆ ಕೆಲಸದಲ್ಲಿ ಚುರುಕಿದ್ದಾನೆ, ಆದರೂ ಮೂರನೇತ್ತ ಮುಗಿದರೂ ಅಕ್ಷರ ಕೂಡುತ್ತಿಲ್ಲ ಅಂದರೆ ಮಾತ್ರ ಅನುಮಾನ ಪಡಬೇಕು.

ಇನ್ನು ಹೆಣ್ಣುಮಕ್ಕಳ ವಿಚಾರ. ಓದು ಬಾರದ ಗಂಡುಹುಡುಗ ಗಲಾಟೆ ಮಾಡುತ್ತಾನೆ, ಸಾಲಿ ತಪ್ಪಿಸುತ್ತಾನೆ, ಪಕ್ಕದವನನ್ನು ಗುದ್ದುತ್ತಾನೆ. ಹೆಡ್‌ಮಾಸ್ತರು ಅಪ್ಪನನ್ನು ಕರೆಸುತ್ತಾರೆ. ಅಲ್ಲಿಗೆ ಒಂದು ಮಾತುಕತೆಯಾದರೂ ಆಗುತ್ತದೆ. ಹೆಣ್ಣುಮಗು ಗಲಾಟೆ ಮಾಡುವುದಿಲ್ಲ. ಪಕ್ಕದವಳ ನೋಟ್‌ಬುಕ್ ನೋಡಿ ಅಂದವಾಗಿ ಇಳಿಸಿಕೊಳ್ಳುತ್ತದೆ, ಕೇಳಿದರೆ ತಲೆ ಕೆಳಗೆ ಹಾಕುತ್ತದೆ. ಏಳನೇತ್ತಕ್ಕೋ ಎಂಟನೇತ್ತಕ್ಕೋ ಬಂದಾಗ "ಓದು ತಲೀಗೆ ಹತ್ತಲಿಲ್ಲ ಬಿಡ್ರಿ" ಎಂದು ಹತ್ತಿ ಬಿಡಿಸಲು ಕಳಿಸುತ್ತಾರೆ. ಯಾರೂ ಅವಳನ್ನು ಡಾಕ್ಟರ ಹತ್ತಿರ ಒಯ್ಯುವುದಿಲ್ಲ. ಲೆಕ್ಕಕ್ಕೇ ಸಿಗದೆ ಹೋಗುವವಳು ಇವಳೇ.

ಮಸ್ಕಿಯ ಬಂಡೆ

ಸಿಂಧನೂರಿನಿಂದ ಲಿಂಗಸೂಗೂರಿಗೆ ಬಸ್ಸು ಹತ್ತಿದವರು ನಡುವೆ ಮಸ್ಕಿಯಲ್ಲಿ ಇಳಿದು ಚಹಾ ಕುಡಿಯುವುದುಂಟು. ಆ ಊರಿನ ಗುಡ್ಡದಲ್ಲಿ ಅಶೋಕನ ಕಾಲದ ಶಾಸನವಿದೆ. ಗೀರು ಗೀರಾಗಿ ಕಾಣುವ ಅಕ್ಷರ. ಅದರ ಪಕ್ಕದಲ್ಲೇ ಎಷ್ಟು ತಲೆಮಾರು ದನ ಕಾಯ್ದರೋ! 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರರ ಕಣ್ಣಿಗೆ ಅದು ಬಿತ್ತು. ಓದಿ ನೋಡಿದರೆ ಅದರಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಅದುವರೆಗೆ ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇತ್ತು, ಹೆಸರಿರಲಿಲ್ಲ. ಮಸ್ಕಿಯ ಬಂಡೆಯಿಂದ ಆ ದೊರೆ ಯಾರೆಂಬುದು ಖಾತ್ರಿಯಾಯಿತು.

ಆ ಬ್ರಾಹ್ಮಿ ಲಿಪಿಯನ್ನು ಓದುವ ಬಗೆ ಶತಮಾನಗಟ್ಟಲೆ ಯಾರಿಗೂ ತಿಳಿದಿರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸಿದರು. ಅಲ್ಲಿಯವರೆಗೆ ದೊಡ್ಡ ದೊಡ್ಡ ಪಂಡಿತರೂ ಅದರ ಮುಂದೆ ಬಾಯಿ ಮುಚ್ಚಿ ನಿಂತವರೇ. ಅವರನ್ನು ಯಾರೂ ದಡ್ಡರೆನ್ನಲಿಲ್ಲ! ಐದನೇತ್ತದ ಕನ್ನಡ ಪುಸ್ತಕದ ಮುಂದೆ ಅದೇ ಹಾಗೆ ನಿಂತ ಹುಡುಗನಿಗೆ ಮಾತ್ರ ಬೆತ್ತ ಬೀಳುತ್ತದೆ.

ಕಾನೂನು ಏನನ್ನುತ್ತದೆ?

ಕಾನೂನು ಬಹಳ ಚೆನ್ನಾಗಿದೆ. ಹಿಂದೆ 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳು ಬಗೆಯ ನ್ಯೂನತೆ ಮಾತ್ರ ಇದ್ದವು, ಇದಕ್ಕೆ ಜಾಗವಿರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಏಳು ಇದ್ದದ್ದು 21 ಆಯಿತು. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಸೇರಿತು. 2017ರ ಏಪ್ರಿಲ್ 19ರಿಂದ ಕಾಯ್ದೆ ಜಾರಿಯಲ್ಲಿದೆ. ಇಂಥ ಮಕ್ಕಳನ್ನು ಆದಷ್ಟು ಬೇಗ ಪತ್ತೆ ಹಚ್ಚಿ ತಕ್ಕ ರೀತಿಯಲ್ಲಿ ಕಲಿಸಬೇಕು ಎಂದು 16ನೇ ಕಲಮು ಹೇಳುತ್ತದೆ. ಐದು ವರ್ಷಕ್ಕೊಮ್ಮೆ ಸಾಲಿ ಮಕ್ಕಳ ಸಮೀಕ್ಷೆ ಮಾಡಬೇಕು, ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೊಡಬೇಕು, ಬರೆದುಕೊಡಲು ಸಹಾಯಕರನ್ನು ಕೊಡಬೇಕು, ಎರಡನೆಯ ಮೂರನೆಯ ಭಾಷೆಯಿಂದ ವಿನಾಯಿತಿ ಕೊಡಬೇಕು ಎಂದು 17ನೇ ಕಲಮು ಹೇಳುತ್ತದೆ.

ಹೆಚ್ಚು ಹೊತ್ತು ಎಂದರೆ ಎಷ್ಟು? ಕೇಂದ್ರ ಸರಕಾರದ 2018ರ ಮಾರ್ಗಸೂಚಿ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ. ಮೂರು ತಾಸಿನ ಪರೀಕ್ಷೆಗೆ ಒಂದು ತಾಸು ಹೆಚ್ಚು. ಒಂದೊಂದೇ ಅಕ್ಷರ ಎಳೆಯುವ ಹುಡುಗನಿಗೆ ಆ ಒಂದು ತಾಸು ಪಾಸು ನಾಪಾಸಿನ ನಡುವಿನ ಗೆರೆ.

ಇದೆಲ್ಲ ಸಿಗಬೇಕಾದರೆ ಸರ್ಟಿಫಿಕೇಟು ಬೇಕು. ಗೋಳು ಶುರುವಾಗುವುದು ಅಲ್ಲಿಂದ.

2018ರ ಜನವರಿಯ ಮಾರ್ಗಸೂಚಿಯಲ್ಲಿ ಕ್ರಮ ಹೀಗಿತ್ತು. ಮೊದಲು ಸಾಲಿಯಲ್ಲಿ ಮಾಸ್ತರು ಗುರುತಿಸಿ ಬರೆದುಕೊಡಬೇಕಿತ್ತು. ಮಕ್ಕಳ ಡಾಕ್ಟರು ಕಣ್ಣು, ಕಿವಿ, ಆರೋಗ್ಯ ನೋಡಬೇಕಿತ್ತು. ಆಮೇಲೆ ಮನಶ್ಶಾಸ್ತ್ರಜ್ಞರು ಬುದ್ಧಿಯ ಪರೀಕ್ಷೆ ಮಾಡಬೇಕಿತ್ತು. ಬುದ್ಧಿಯ ಅಂಕ 85ಕ್ಕಿಂತ ಮೇಲಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಸಿದ್ಧಪಡಿಸಿದ ಓದು-ಬರೆಹದ ಪರೀಕ್ಷೆ. ಎಂಟು ವರ್ಷ ತುಂಬಿದ ಮಗುವಿಗೆ ಮಾತ್ರ ಸರ್ಟಿಫಿಕೇಟು. 14ಕ್ಕೆ ಮತ್ತೊಮ್ಮೆ, 18ಕ್ಕೆ ಇನ್ನೊಮ್ಮೆ ಪರೀಕ್ಷೆ. 18ರಲ್ಲಿ ಕೊಟ್ಟದ್ದು ಜೀವಮಾನಕ್ಕೆ ಎಂದಿತ್ತು.

ಕಾಗದದ ಮೇಲೆ ಸಲೀಸು! ಮಸ್ಕಿ ಹತ್ತಿರದ ಹಳ್ಳಿಯ ತಾಯಿಯೊಬ್ಬಳು ಹೊರಟಳು ಅಂದುಕೊಳ್ಳಿ. ರಾಯಚೂರಿನ ರಿಮ್ಸ್‌ಗೆ ಹೋಗಬೇಕು. 2007ರಲ್ಲಿ ಶುರುವಾದ ಈ ವೈದ್ಯಕೀಯ ಕಾಲೇಜೇ ಜಿಲ್ಲೆಗೆ ದೊಡ್ಡ ಆಸ್ಪತ್ರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಅವಳ ಟಿಕೆಟೇನೋ ಪುಕ್ಕಟೆ ಆಯಿತು. ಆದರೆ ಮಗನಿಗೆ ಟಿಕೆಟು ಬೇಕು. ಅವಳ ದಿನಗೂಲಿ ಹೋಯಿತು. ಇಂಥ ಪರೀಕ್ಷೆ ಒಂದೇ ದಿನದಲ್ಲಿ ಮುಗಿಯುವಂಥದೂ ಅಲ್ಲ, ಕೂಸನ್ನು ಕೂರಿಸಿ ಓದಿಸಬೇಕು, ಬರೆಸಬೇಕು, ತಾಸುಗಟ್ಟಲೆ ಹಿಡಿಯುತ್ತದೆ. ಒಮ್ಮೆ ಹೋಗಿ, ಮತ್ತೊಮ್ಮೆ ಹೋಗಿ, ಮೂರನೇ ಸಲ ಅವಳೇ ಕೈಬಿಡುತ್ತಾಳೆ. "ಕೈಕಾಲು ನೆಟ್ಟಗದಾವ, ಕಣ್ಣು ಕಾಣ್ತಾವ. ಎದಕ್ಕ ಸರ್ಟಿಫಿಕೇಟು ಅಂತ ನಮ್ಮ ಮಂದೀನ ಕೇಳ್ತಾರ್ರೀ. ನಾ ಏನಂತ ಹೇಳ್ಲಿ?" ಇಂಥ ತಾಯಂದಿರ ಮಾತು ಹೀಗಿರುತ್ತದೆ.

ಇದು ದೊಡ್ಡ ಮಾತು. ಕಣ್ಣಿಗೆ ಕಾಣದ ನ್ಯೂನತೆಗೆ ಊರಿನ ಕನಿಕರವೂ ಸಿಗುವುದಿಲ್ಲ.

ತಾಲ್ಲೂಕಿನಲ್ಲೇ ಏನಿದೆ?

ಏನೂ ಇಲ್ಲವೆಂದಲ್ಲ. ಇರುವುದು ಬಹಳ ಮಂದಿಗೆ ಗೊತ್ತಿಲ್ಲ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಬಿ.ಆರ್.ಸಿ. ಕಚೇರಿಗಳಿಗೆ ಬಿ.ಐ.ಇ.ಆರ್.ಟಿ. ಎಂಬ ಶಿಕ್ಷಕರ ಹುದ್ದೆ ಇದೆ. ವಿಶೇಷ ಅಗತ್ಯವಿರುವ ಮಕ್ಕಳನ್ನು ಗುರುತಿಸುವುದು, ಅವರಿಗೆ ಕಲಿಸುವ ಬಗೆಯನ್ನು ಮಾಸ್ತರರಿಗೆ ತೋರಿಸುವುದು ಇವರ ಕೆಲಸ. ಒಬ್ಬಿಬ್ಬರ ಹೆಗಲ ಮೇಲೆ ಇಡೀ ತಾಲ್ಲೂಕು, ಅದರಲ್ಲೂ ಮಲಗಿದಲ್ಲೇ ಇರುವ ಮಕ್ಕಳ ಮನೆಗೆ ಹೋಗಿ ಕಲಿಸುವ ಹೊಣೆ ಬೇರೆ. ಓಡಾಡುವ, ನಗುವ, ಚಿಲ್ಲರೆ ಎಣಿಸುವ ಹುಡುಗನ ಸರದಿ ಕೊನೆಗೆ ಬರುವುದು ಆಶ್ಚರ್ಯವೇನಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡ ವರ್ಷಕ್ಕೊಮ್ಮೆ ಸರಕಾರಿ ಸಾಲಿಗೆ ಬರಬೇಕು. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಲಿಕೆಯ ತೊಡಕೂ ಇದೆ. ಆದರೆ ಹಲ್ಲು ಕಣ್ಣು ರಕ್ತಹೀನತೆ ನೋಡುವುದಕ್ಕೇ ಹೊತ್ತು ಸಾಲದು. ವರ್ಗದ ಮಾಸ್ತರು ಮುಂಚಿತವಾಗಿ ಹೆಸರು ಗುರುತು ಹಾಕಿಟ್ಟು "ಈ ಹುಡುಗನ್ನ ಸ್ವಲ್ಪ ನೋಡ್ರಿ ಡಾಕ್ಟರೇ" ಅಂದರೆ ಮಾತ್ರ ಕೆಲಸ ಸಾಗುತ್ತದೆ.

ಇನ್ನೊಬ್ಬರಿದ್ದಾರೆ, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ವಿ.ಆರ್.ಡಬ್ಲ್ಯೂ. ಅಂದರೆ ಹಳ್ಳಿಯಲ್ಲಿ ತಿಳಿಯುತ್ತದೆ. ತಾವೇ ಅಂಗವಿಕಲರಾಗಿದ್ದು, ಅಲ್ಪ ಗೌರವಧನಕ್ಕೆ ಊರೂರು ಅಲೆದು ಮಂದಿಗೆ ಗುರುತಿನ ಕಾರ್ಡು ಮಾಡಿಸಿಕೊಡುವವರು. ಯಾವ ದಿನ ಯಾವ ಡಾಕ್ಟರು ಸಿಗುತ್ತಾರೆ, ಯಾವ ಕಾಗದ ಬೇಕು ಎಂಬುದನ್ನು ಇವರಲ್ಲಿ ವಿಚಾರಿಸಿ ಹೊರಟರೆ ತಾಯಿಗೆ ಒಂದು ಓಡಾಟ ಉಳಿದೀತು.

ಕಲಿಸುವ ಬಗೆ

ಇದಕ್ಕೆ ಗುಳಿಗೆಯಿಲ್ಲ, ಇಂಜೆಕ್ಷನ್ ಇಲ್ಲ. ನೆನಪಿನ ಶಕ್ತಿಯ ಟಾನಿಕ್ಕು ಎಷ್ಟು ಬಾಟಲಿ ಕುಡಿಸಿದರೂ ಒತ್ತಕ್ಷರ ಬರುವುದಿಲ್ಲ. (ಮಾರುವ ಅಂಗಡಿಯವರು ಸಿಟ್ಟಾಗಬಾರದು!) ಇರುವ ಮದ್ದು ಒಂದೇ, ಕಲಿಸುವ ಬಗೆ ಬದಲಿಸುವುದು.

ಅಮೆರಿಕದಲ್ಲಿ 1930ರ ದಶಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ಡಾಕ್ಟರೂ ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯೂ ಕೂಡಿ ಒಂದು ಪದ್ಧತಿ ಮಾಡಿದರು. ಅಕ್ಷರವನ್ನು ಕಣ್ಣಿನಿಂದ ನೋಡು, ಬಾಯಿಂದ ಅನ್ನು, ಕಿವಿಯಿಂದ ಕೇಳು, ಬೆರಳಿನಿಂದ ತಿದ್ದು. ನಾಲ್ಕೂ ಒಂದೇ ಸಲ. ಒಂದು ಗಟ್ಟಿಯಾಗುವ ತನಕ ಇನ್ನೊಂದಕ್ಕೆ ಹೋಗಬೇಡ.

ಹಳಬರಿಗೆ ಇದು ಎಲ್ಲೋ ಕೇಳಿದ ಹಾಗಿದೆಯೇ? ಐಗಳ ಮಠದಲ್ಲಿ ಉಸುಕು ಹರವಿ, ಅಕ್ಷರ ಬಾಯಲ್ಲಿ ಅನ್ನಿಸುತ್ತ, ಬೆರಳು ಹಿಡಿದು ತಿದ್ದಿಸುತ್ತಿದ್ದದ್ದು ಇದನ್ನೇ! ಅಜ್ಜಂದಿರ ಬೆರಳು ಉಸುಕಿನಲ್ಲಿ ಸವೆದಿದೆ. ಆ ಮಠಗಳಲ್ಲಿ ಬೆತ್ತವೂ ಇತ್ತು, ಅದನ್ನು ಮಾತ್ರ ಬಿಟ್ಟು ಉಳಿದದ್ದನ್ನು ತೆಗೆದುಕೊಳ್ಳಬಹುದು. ಬತ್ತದ ಊರಾದ ಸಿಂಧನೂರಿನಲ್ಲಿ ತಟ್ಟೆ ತುಂಬ ಅಕ್ಕಿನುಚ್ಚು ಹರವಲು ಖರ್ಚೆಷ್ಟು? ದಿನಕ್ಕೆ ಅರ್ಧ ತಾಸು, ಎರಡೇ ಅಕ್ಷರ, ಅವ್ವನೋ ಅಕ್ಕನೋ ಪಕ್ಕದಲ್ಲಿ ಕೂತರೆ ಸಾಕು. ಅವ್ವನಿಗೆ ಓದು ಬಾರದಿದ್ದರೆ ಅಕ್ಕ, ಅಕ್ಕ ಇಲ್ಲದಿದ್ದರೆ ಓಣಿಯ ಕಾಲೇಜು ಹುಡುಗ.

ಎರಡನೆಯದು, ಅಕ್ಷರ ಬರುವ ತನಕ ಪಾಠ ನಿಲ್ಲಬಾರದು. ಸಮಾಜ, ವಿಜ್ಞಾನದ ಪಾಠಗಳನ್ನು ಯಾರಾದರೂ ಗಟ್ಟಿಯಾಗಿ ಓದಿ ಹೇಳಬೇಕು. ಮನೆಮನೆಗೆ ಮೊಬೈಲ್ ಇದೆ. ಅಣ್ಣನೊಬ್ಬ ಪಾಠ ಓದಿ ರೆಕಾರ್ಡ್ ಮಾಡಿಟ್ಟರೆ ಹುಡುಗ ನಾಲ್ಕು ಸಲ ಕೇಳುತ್ತಾನೆ. ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ಅರಿವು ಕೇಂದ್ರ ಎಂಬ ಹೆಸರು. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಪುಕ್ಕಟೆ ಸದಸ್ಯತ್ವ ಕೊಡಲಾಯಿತು. ವಾರಕ್ಕೆ ಎರಡು ಸಂಜೆ ಅಲ್ಲೊಬ್ಬರು ಕೂತು ಗಟ್ಟಿಯಾಗಿ ಓದಿದರೆ ಅಕ್ಷರ ಹತ್ತದ ಮಕ್ಕಳೂ ಬಂದು ಕೂಡುತ್ತಾರೆ. ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಬೇರೆ ಊರಿನಲ್ಲಿ ಇದು ಸರಕಾರದಿಂದ ಶುರುವಾದದ್ದೇನಲ್ಲ. ಮದರಾಸಿನಲ್ಲಿ 1992ರಲ್ಲಿ ಡಿಸ್ಲೆಕ್ಸಿಯಾ ಸಂಘ ಆಯಿತು, ಅದರ ಹಿಂದೆ ಇದ್ದವರು ತಮ್ಮ ಮಕ್ಕಳ ಪಾಡು ಕಂಡು ಕೂಡಿದ ಪೋಷಕರು. ಮುಂಬಯಿಯಲ್ಲಿ 1996ರಲ್ಲಿ ಅಂಥದೇ ಸಂಘ. ಅದೇ ವರ್ಷ ಮಹಾರಾಷ್ಟ್ರ ಸರಕಾರ ಇಂಥ ಮಕ್ಕಳಿಗೆ ಪರೀಕ್ಷೆಯ ರಿಯಾಯಿತಿ ಕೊಟ್ಟಿತು. ದೇಶದ ಕಾಯ್ದೆ ಬರುವ 20 ವರ್ಷ ಮೊದಲೇ! ಅಲ್ಲಿ ದೊಡ್ಡ ಪಟ್ಟಣ, ಓದಿದ ಮಂದಿ ಎನ್ನಬಹುದು. ನಿಜ. ಆದರೆ ಪ್ರತಿ ಸರಕಾರಿ ಸಾಲಿಗೆ ಇಲ್ಲೊಂದು ಎಸ್.ಡಿ.ಎಂ.ಸಿ. ಇದೆ, ಅದರಲ್ಲಿ ಇರುವವರು ಪೋಷಕರೇ. ಕಾಂಪೌಂಡು, ಬಿಸಿಯೂಟ, ಶೌಚಾಲಯ ಎಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. "ನಾಲ್ಕನೇತ್ತದಾಗ ಅಕ್ಷರ ಬರಲಾರದ ಹುಡುಗ್ರು ಎಷ್ಟು ಮಂದಿ ಅದಾರ್ರೀ ಸರ?" ಎಂಬ ಪ್ರಶ್ನೆಯೊಂದು ಬಂದರೆ ಹೆಡ್‌ಮಾಸ್ತರು ಬಿ.ಆರ್.ಸಿ.ಗೆ ಕಾಗದ ಬರೆಯಲೇಬೇಕಾಗುತ್ತದೆ.

ಅಂಗಡಿಯವರಿಗೂ ಕಂಡಕ್ಟರರಿಗೂ ಇಲ್ಲಿ ಕೆಲಸವಿದೆ. ಬಸ್‌ಸ್ಟ್ಯಾಂಡಿನಲ್ಲಿ ಹುಡುಗನೊಬ್ಬ "ಇದು ಎಲ್ಲಿಗೆ ಹೊಕ್ಕೈತ್ರೀ?" ಎಂದು ಕೇಳಿದರೆ "ಬೋರ್ಡ್ ಕಾಣಂಗಿಲ್ಲೇನು?" ಎಂಬ ಉತ್ತರ ಬೇಕಿಲ್ಲ. ಉದ್ದರಿ ವಹಿಯಲ್ಲಿ ಮಗ ಬೆಲ್ಲಕ್ಕೊಂದು ಉಂಡೆ, ಎಣ್ಣೆಗೊಂದು ಡಬ್ಬಿ ಚಿತ್ರ ಬರೆದು ಮುಂದೆ ರೊಕ್ಕ ಹಾಕಿದರೆ ಲೆಕ್ಕವೇನೂ ತಪ್ಪುವುದಿಲ್ಲ. ಗಿರಾಕಿ ಹೋದ ಮೇಲೆ ಅಪ್ಪ ಪಕ್ಕದಲ್ಲಿ ಶಬ್ದ ಬರೆದು ತೋರಿಸಲಿ, ಮಗ ಬೆರಳಿನಿಂದ ತಿದ್ದಲಿ. ಸಾಲಿಯ ಪುಸ್ತಕದಲ್ಲಿ ಹತ್ತದ ಒತ್ತಕ್ಷರ ಅಂಗಡಿಯ ಬೆಲ್ಲದಲ್ಲಿ ಹತ್ತಿದರೂ ಹತ್ತೀತು.

ಕೊನೆಗೊಂದು ವ್ಯವಹಾರದ ಮಾತು. ಎಸ್ಸೆಸ್ಸೆಲ್ಸಿಯ ರಿಯಾಯಿತಿಗೆ ಅರ್ಜಿ ಹೋಗುವುದು ಸಾಲಿಯ ಹೆಡ್‌ಮಾಸ್ತರ ಮೂಲಕ, ಸರ್ಟಿಫಿಕೇಟಿನ ಸಮೇತ, ಪರೀಕ್ಷೆಗೆ ಬಹಳ ಮೊದಲೇ. ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಯಾವ ಕಚೇರಿಯೂ ಕೇಳುವುದಿಲ್ಲ. ಆದ್ದರಿಂದ ರಾಯಚೂರಿನ ಬಸ್ಸು ಹತ್ತಬೇಕಾದದ್ದು ಹುಡುಗ ಒಂಬತ್ತನೇತ್ತದಲ್ಲಿ ಇರುವಾಗಲೇ, ಕೈಯಲ್ಲಿ ಆಧಾರ್ ಕಾರ್ಡು, ವರ್ಗದ ಮಾಸ್ತರು ಬರೆದುಕೊಟ್ಟ ಚೀಟಿ, ಮತ್ತು ಹುಡುಗನ ಎರಡು ಮೂರು ವರ್ಷದ ಹಳೆಯ ನೋಟ್‌ಬುಕ್ಕುಗಳು. ರದ್ದಿಗೆ ಹಾಕಬೇಡಿ. ಡಾಕ್ಟರರು ಮೊದಲು ತೆಗೆದು ನೋಡುವುದು ಅವನ್ನೇ.